ಸ್ಟಿಯರಿಂಗ್ ಹಿಡಿದ ಪ್ರಯಾಣಿಕ

ಎಂಟು ಮೂಲೆಯ ಬಿಲ್ಲೆ, ಅದರೊಳಗೆ ಎರಡು ಅಕ್ಷರ: ಎಂ, ಜಿ. 1962ರಲ್ಲಿ ಇಂಗ್ಲೆಂಡಿನ ಆಬಿಂಗ್‌ಡನ್ ಕಾರ್ಖಾನೆಯಿಂದ ಹೊರಬಂದ ಎಂಜಿಬಿ ಎಂಬ ತೆರೆದ ಕಾರಿನ ಮೂತಿಯ ಮೇಲೆ ಈ ಬಿಲ್ಲೆ ಇತ್ತು. 2025ರಲ್ಲಿ ಭಾರತದ ಶೋರೂಮಿಗೆ ಬಂದ ಸೈಬರ್‌ಸ್ಟರ್ ಎಂಬ ವಿದ್ಯುತ್ ಕಾರಿನ ಮೂತಿಯ ಮೇಲೂ ಅದೇ ಬಿಲ್ಲೆ ಇದೆ. ಎರಡೂ ಇಬ್ಬರೇ ಕೂರುವ ಕಾರುಗಳು, ಎರಡರ ಮಾಡನ್ನೂ ಮಡಚಬಹುದು. ಹಳೆಯದಕ್ಕೆ 95 ಅಶ್ವಶಕ್ತಿ, ತೂಕ 900 ಕಿಲೋಗಿಂತ ತುಸು ಹೆಚ್ಚು. ನಿಂತಲ್ಲಿಂದ ನೂರರ ವೇಗ ಮುಟ್ಟಲು ಹನ್ನೆರಡು ಹದಿಮೂರು ಸೆಕೆಂಡು ಹಿಡಿಯುತ್ತಿತ್ತು. ಹೊಸದಕ್ಕೆ 510 ಅಶ್ವಶಕ್ತಿ, ಎರಡು ಟನ್ನಿಗೆ ಹತ್ತಿರದ ತೂಕ. ನೂರು ಮುಟ್ಟಲು 3.2 ಸೆಕೆಂಡು ಸಾಕು. ಚಾಲಕನ ಮುಂದೆ ಸಾಲಾಗಿ ಮೂರು ಪರದೆ, ಪಕ್ಕದಲ್ಲಿ ಇನ್ನೊಂದು. ಬಾಗಿಲನ್ನು ಕೂಡ ಎಳೆಯಬೇಕಿಲ್ಲ, ಗುಂಡಿ ಒತ್ತಿದರೆ ತಾನಾಗಿ ಮೇಲಕ್ಕೇಳುತ್ತದೆ. ಇಷ್ಟು ಅಂಕಿಗಳನ್ನು ಅಕ್ಕಪಕ್ಕ ಬರೆದಿಟ್ಟರೆ ತೀರ್ಪು ಬಂದೇಬಿಟ್ಟಿತು ಎಂದು ಕಾರಿನ ಪತ್ರಿಕೆಗಳು, ಯೂಟ್ಯೂಬ್ ವಿಮರ್ಶಕರು, ಶೋರೂಮಿನವರು, ಕೊನೆಗೆ ಕೊಳ್ಳುವವರೂ ನಂಬಿದ್ದಾರೆ. ಹೊಸ ಕಾರು ಎಲ್ಲ ವಿಷಯದಲ್ಲೂ ಮೇಲು; ಓಡಿಸುವ ಸುಖವೂ ಅಶ್ವಶಕ್ತಿ ಏರಿದ ಹಾಗೆ ಏರುತ್ತದೆ; ಹಳೆಯ ಸ್ಪೋರ್ಟ್ಸ್ ಕಾರನ್ನು ಮೆಚ್ಚುವವರು ಅಜ್ಜನ ಕೈಗಡಿಯಾರವನ್ನು ಒರೆಸಿಡುವ ಭಾವುಕರು. ಇದು ಇವತ್ತಿನ ಸರ್ವಸಮ್ಮತ ಅಭಿಪ್ರಾಯ. ಇದಕ್ಕಿಂತ ಸೋಮಾರಿಯಾದ, ಮಾರುವವನಿಗೆ ಲಾಭ ತರುವ, ಓಡಿಸುವವನಿಗೆ ಮೋಸ ಮಾಡುವ ಅಭಿಪ್ರಾಯ ಕಾರಿನ ಜಗತ್ತಿನಲ್ಲಿ ಇನ್ನೊಂದಿಲ್ಲ.

ಓಡಿಸುವ ಸುಖ ಎಂದರೆ ಏನು ಎಂಬ ಪ್ರಶ್ನೆಯನ್ನು ಮೊದಲು ಕೇಳಬೇಕಿತ್ತು. ಅದನ್ನೇ ಯಾರೂ ಕೇಳುತ್ತಿಲ್ಲ. ಎಂಜಿಬಿಯಂಥ ಕಾರು ಒಂದು ತಿರುವನ್ನು ದಾಟುವುದನ್ನು ನಿಧಾನವಾಗಿ ನೋಡಿ. ತಿರುವು ಹತ್ತಿರವಾಗುತ್ತಿದ್ದಂತೆ ಬಲಗಾಲು ಬ್ರೇಕನ್ನು ನಿಜವಾಗಿಯೂ ಒತ್ತಬೇಕು. ಆರಂಭದ ಎಂಜಿಬಿಗಳಲ್ಲಿ ಬ್ರೇಕಿಗೆ ಬೇರೆ ಯಾವ ಆಸರೆಯೂ ಇರಲಿಲ್ಲ. ಪಾದದ ಮುಂಭಾಗ ಬ್ರೇಕಿನ ಮೇಲಿರುವಾಗಲೇ ಪಾದದ ಅಂಚಿನಿಂದ ಆಕ್ಸಿಲರೇಟರನ್ನು ಒಂದು ಸಲ ತಟ್ಟಿ ಎಂಜಿನ್ನಿನ ಸುತ್ತು ಏರಿಸಬೇಕು, ಆ ಕ್ಷಣಕ್ಕೆ ಸರಿಯಾಗಿ ಗೇಣುದ್ದದ ಗೇರ್ ಲಿವರನ್ನು ನಾಲ್ಕರಿಂದ ಮೂರಕ್ಕೆ ತರಬೇಕು. ಹೊತ್ತು ಹೊಂದಿದರೆ ಗೇರು ಬೆಣ್ಣೆಯಲ್ಲಿ ಚಾಕು ಇಳಿದಂತೆ ಕೂರುತ್ತದೆ. ತಪ್ಪಿದರೆ ಕಾರು ಮುಗ್ಗರಿಸಿ ಚಾಲಕನ ತಪ್ಪನ್ನು ಅವನಿಗೇ ತೋರಿಸುತ್ತದೆ. ಸ್ಟಿಯರಿಂಗ್ ತಿರುಗಿಸಿದಾಗ ಮುಂದಿನ ಟೈರುಗಳ ಮೇಲೆ ಭಾರ ಬಿದ್ದು ಚಕ್ರದ ಅಂಚು ಕೈಯಲ್ಲಿ ಬಿಗಿಯಾಗುತ್ತದೆ. ಟೈರು ತನ್ನ ಹಿಡಿತದ ಕೊನೆಗೆ ಬರುತ್ತಿದ್ದಂತೆ ಆ ಬಿಗಿ ಸಡಿಲಾಗುತ್ತದೆ. ತಿರುಗಿದ ಟೈರು ತನ್ನನ್ನು ತಾನೇ ನೇರ ಮಾಡಿಕೊಳ್ಳಲು ಹಾಕುವ ಬಲ ಜಾರುವ ಮುನ್ನವೇ ಕುಗ್ಗುವುದರಿಂದ ಹೀಗಾಗುತ್ತದೆ. ಅಂದರೆ ಕಾರು ಜಾರುವ ಮೊದಲೇ ಅಂಗೈಗೆ ಸುದ್ದಿ ಮುಟ್ಟುತ್ತದೆ. ಇದೆಲ್ಲ ನಡೆಯುವುದು ಗಂಟೆಗೆ ಅರವತ್ತು ಕಿಲೋಮೀಟರಿನ ಆಸುಪಾಸಿನಲ್ಲಿ. ಓಡಿಸುವ ಸುಖ ಎಂದರೆ ಇದೇ: ಕೈಕಾಲಿಗೆ ಕೆಲಸ ಸಿಗುವುದು, ಆ ಕೆಲಸಕ್ಕೆ ರಸ್ತೆ ಉತ್ತರ ಕೊಡುವುದು, ಉತ್ತರ ಕೇಳಿ ಮುಂದಿನ ಕೆಲಸ ತಿದ್ದಿಕೊಳ್ಳುವುದು. ವೀಣೆ ನುಡಿಸುವವನ ಸುಖಕ್ಕೂ ವೀಣೆಯ ಧ್ವನಿಮುದ್ರಿಕೆ ಹಾಕಿ ಕೂತವನ ಸುಖಕ್ಕೂ ಇರುವ ವ್ಯತ್ಯಾಸವೇ ಇಲ್ಲೂ ಇದೆ. ಧ್ವನಿಮುದ್ರಿಕೆಯಲ್ಲಿ ಅಪಸ್ವರ ಬರುವುದಿಲ್ಲ, ನಿಜ. ಹಾಗೆಂದು ಅದನ್ನು ಹಾಕಿ ಕೂತವನನ್ನು ಯಾರೂ ವೈಣಿಕ ಎಂದು ಕರೆಯುವುದಿಲ್ಲ.

ಮೊದಲ ಆರೋಪ ಅಂಕಿಪೂಜೆಯ ಮೇಲೆ. ಮೂರು ಸೆಕೆಂಡಿನಲ್ಲಿ ನೂರು ಮುಟ್ಟುವ ಪಿಕಪ್ಪನ್ನು ಬಳಸುವುದಾದರೂ ಎಲ್ಲಿ? ಟಾಮ್‌ಟಾಮ್ ಸಂಸ್ಥೆ 2022ರ ಸಂಚಾರ ಲೆಕ್ಕದಲ್ಲಿ ಜಗತ್ತಿನ ಅತಿ ನಿಧಾನದ ನಗರಕೇಂದ್ರಗಳನ್ನು ಪಟ್ಟಿ ಮಾಡಿದಾಗ ಮೊದಲ ಸ್ಥಾನ ಲಂಡನ್ನಿಗೆ ಬಂತು, ಎರಡನೆಯದು ಬೆಂಗಳೂರಿಗೆ. ಬೆಂಗಳೂರಿನಲ್ಲಿ ಹತ್ತು ಕಿಲೋಮೀಟರ್ ಸಾಗಲು 29 ನಿಮಿಷ 10 ಸೆಕೆಂಡು. ಎಂಜಿ ಹುಟ್ಟಿದ ನಾಡಿನ ರಾಜಧಾನಿಯೂ ಎಂಜಿ ಈಗ ಮಾರಾಟವಾಗುವ ನಮ್ಮ ರಾಜಧಾನಿಯೂ ಹೀಗೆ ಎತ್ತಿನಗಾಡಿಯ ಪಂದ್ಯದಲ್ಲಿ ಮೊದಲೆರಡು ಬಹುಮಾನ ಹಂಚಿಕೊಂಡಿರುವಾಗ 510 ಅಶ್ವಗಳನ್ನು ಕಟ್ಟಿಕೊಂಡವರು ಅವಕ್ಕೆ ಹುಲ್ಲು ಹಾಕುವುದನ್ನು ಬಿಟ್ಟರೆ ಇನ್ನೇನು ಮಾಡಬಹುದು? ಊರು ಬಿಟ್ಟು ಹೊರಗೆ ಹೋದರೆ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲೂ ಮಿತಿ ನೂರೇ. ಮೀರಿದವರನ್ನು ಹಿಡಿಯಲು ಕ್ಯಾಮೆರಾಗಳಿವೆ, ಅವು ಇರುವುದೇ ಸರಿ. ಇವತ್ತಿನ ಬಲಾಢ್ಯ ಕಾರು ಎಚ್ಚರಗೊಳ್ಳುವುದೇ ನೂರೈವತ್ತರ ನಂತರ. ಅಲ್ಲಿಯವರೆಗೆ ಅದು ಆಕಳಿಸುತ್ತಿರುತ್ತದೆ, ಒಳಗೆ ಕೂತವನೂ ಆಕಳಿಸುತ್ತಿರುತ್ತಾನೆ. ಕಾನೂನು ಒಪ್ಪುವ ವೇಗದಲ್ಲಿ ಸುಖ ಕೊಡಲಾರದ, ಸುಖ ಕೊಡುವ ವೇಗದಲ್ಲಿ ಕಾನೂನು ಒಪ್ಪದ ಕಾರನ್ನು ಪ್ರಗತಿ ಎಂದು ಕರೆಯುವವರು ಆ ಮಾತಿನ ಅರ್ಥವನ್ನು ಒಮ್ಮೆ ನಿಘಂಟಿನಲ್ಲಿ ನೋಡುವುದು ಒಳ್ಳೆಯದು. ಕಡಿಮೆ ವೇಗದಲ್ಲಿ ಹೆಚ್ಚು ಸುಖ ಕೊಡುತ್ತಿದ್ದ ಹಳೆಯ ಕಾರೇ ಹೆಚ್ಚು ನಾಗರಿಕವಾದದ್ದು.

ಎರಡನೆಯ ಆರೋಪ ತೂಕದ ಮೇಲೆ. 1962ರಲ್ಲೇ ಬಂದ ಇನ್ನೊಂದು ಬ್ರಿಟಿಷ್ ಕಾರು ಲೋಟಸ್ ಎಲಾನ್. ಅದರ ತೂಕ 700 ಕಿಲೋ ಕೂಡ ಇರಲಿಲ್ಲ; ಉಕ್ಕಿನ ಒಂದೇ ಬೆನ್ನೆಲುಬು, ಮೇಲೆ ಫೈಬರ್‌ಗ್ಲಾಸಿನ ಮೈ, ಸುಮಾರು ನೂರು ಅಶ್ವಶಕ್ತಿ. ಬಲ ಹೆಚ್ಚಿಸಿದರೆ ಕಾರು ನೇರ ರಸ್ತೆಯಲ್ಲಿ ಮಾತ್ರ ಚುರುಕಾಗುತ್ತದೆ, ತೂಕ ಇಳಿಸಿದರೆ ಎಲ್ಲ ಕಡೆಯೂ ಚುರುಕಾಗುತ್ತದೆ ಎಂಬುದು ಲೋಟಸ್ ಕಟ್ಟಿದ ಕಾಲಿನ್ ಚಾಪ್‌ಮನ್‌ನ ಜೀವಮಾನದ ಸಿದ್ಧಾಂತ. ಮೂವತ್ತು ವರ್ಷಗಳ ನಂತರ 627 ಅಶ್ವಶಕ್ತಿಯ ಮೆಕ್‌ಲಾರೆನ್ ಎಫ್1 ಎಂಬ, ಆ ಕಾಲಕ್ಕೆ ಜಗತ್ತಿನಲ್ಲೇ ಅತಿ ವೇಗದ ಕಾರನ್ನು ವಿನ್ಯಾಸ ಮಾಡಿದ ಗಾರ್ಡನ್ ಮರ್ರೆ, ಅದಕ್ಕೆ ಎಲಾನಿನ ಸ್ಟಿಯರಿಂಗಿನ ಗುಣ ತರಲಾಗಲಿಲ್ಲವಲ್ಲ ಎಂದು ಪರಿತಪಿಸಿದ್ದು ಕಾರುಪ್ರಿಯರಿಗೆಲ್ಲ ಗೊತ್ತಿರುವ ಸಂಗತಿ. ಈಗ ಬಿಎಂಡಬ್ಲ್ಯು ಕಂಪನಿಯ ಚರಿತ್ರೆ ನೋಡಿ. 1986ರ ಮೊದಲ ಎಂ3 ಸುಮಾರು 1,200 ಕಿಲೋ ತೂಗುತ್ತಿತ್ತು. 2024ರ ಎಂ5 ತೂಗುವುದು 2,400 ಕಿಲೋಗೂ ಹೆಚ್ಚು. ಎಂ5 ದೊಡ್ಡ ಕಾರು ಎಂಬುದು ನಿಜ, ಆದರೆ ಎರಡು ಎಂ3ಗಳನ್ನು ಬಗಲಲ್ಲಿಟ್ಟುಕೊಂಡಷ್ಟು ದೊಡ್ಡದೇ? ಇಷ್ಟು ಭಾರ ಹೇರಿದ ಮೇಲೆ ಅದನ್ನು ಎಳೆಯಲು ದೊಡ್ಡ ಎಂಜಿನ್ ಬೇಕು, ನಿಲ್ಲಿಸಲು ದೊಡ್ಡ ಬ್ರೇಕ್ ಬೇಕು, ತಿರುಗಿಸಲು ಅಗಲದ ಟೈರು ಬೇಕು, ಆ ಟೈರು ತಿರುಗಿಸಲು ಮೋಟಾರು ಬೇಕು. ಆ ಮೋಟಾರು ಟೈರಿನ ಸುದ್ದಿಯನ್ನು ಅಂಗೈಗೆ ಮುಟ್ಟಲು ಬಿಡುವುದಿಲ್ಲ. ಬೊಜ್ಜು ಬೆಳೆಸಿಕೊಂಡು ಅದನ್ನು ಹೊರಲು ಆಳು ಇಟ್ಟುಕೊಂಡವನನ್ನು ನಾವು ಪೈಲ್ವಾನ ಎನ್ನುವುದಿಲ್ಲ. ಕಾರಿನ ವಿಷಯದಲ್ಲಿ ಮಾತ್ರ ಹಾಗೆನ್ನಲು ನಮಗೆ ನಾಚಿಕೆಯಿಲ್ಲ.

ಮೂರನೆಯದು ಪರದೆಯ ಪಿಡುಗು. ಸ್ವೀಡನ್ನಿನ ವಿ ಬಿಲಾಗರೆ ಎಂಬ ಕಾರು ಪತ್ರಿಕೆ 2022ರಲ್ಲಿ ಒಂದು ಸರಳ ಪರೀಕ್ಷೆ ಮಾಡಿತು. ಹನ್ನೊಂದು ಹೊಸ ಕಾರು, ಜೊತೆಗೆ 2005ರ ಒಂದು ಹಳೆಯ ವೋಲ್ವೊ ವಿ70. ಗಂಟೆಗೆ 110 ಕಿ.ಮೀ. ವೇಗದಲ್ಲಿ ಹೋಗುತ್ತಾ ಚಾಲಕರು ಸೀಟು ಬಿಸಿ ಮಾಡುವುದು, ಒಳಗಿನ ಶಾಖ ಏರಿಸುವುದು, ರೇಡಿಯೊದಲ್ಲಿ ಹೇಳಿದ ಕೇಂದ್ರ ಹಿಡಿಯುವುದು, ಟ್ರಿಪ್ ಮೀಟರು ಸೊನ್ನೆಗೆ ತರುವುದು, ಮೀಟರಿನ ಬೆಳಕು ತಗ್ಗಿಸುವುದು, ಇಂಥ ದಿನನಿತ್ಯದ ಕೆಲಸಗಳನ್ನು ಮಾಡಬೇಕಿತ್ತು. ಗುಂಡಿ ಮತ್ತು ತಿರುಗಣೆಗಳಿದ್ದ ಹದಿನೇಳು ವರ್ಷ ಹಳೆಯ ವೋಲ್ವೊದಲ್ಲಿ ಎಲ್ಲ ಮುಗಿಯಲು ಹಿಡಿದದ್ದು ಹತ್ತು ಸೆಕೆಂಡು. ಅಷ್ಟರಲ್ಲಿ ಕಾರು ಸಾಗಿದ್ದು 306 ಮೀಟರ್. ಎಲ್ಲಕ್ಕಿಂತ ಕೊನೆಗೆ ಬಂದ ಹೊಸ ಕಾರಿಗೆ ಹಿಡಿದದ್ದು 44.9 ಸೆಕೆಂಡು, ಪರದೆಯೊಳಗಿನ ಪಟ್ಟಿಗಳನ್ನು ಬೆರಳಲ್ಲಿ ತಡಕುವಷ್ಟರಲ್ಲಿ ಅದು 1,372 ಮೀಟರ್ ದಾಟಿತ್ತು. ಆ ಕೊನೆಯ ಕಾರಿನ ಹೆಸರು ಎಂಜಿ ಮಾರ್ವೆಲ್ ಆರ್. ಹೌದು, ಅದೇ ಎಂಟು ಮೂಲೆಯ ಬಿಲ್ಲೆ. 'ಸೇಫ್ಟಿ ಫಾಸ್ಟ್' ಎಂಬುದನ್ನು ಧ್ಯೇಯವಾಕ್ಯ ಮಾಡಿಕೊಂಡಿದ್ದ, ಚುರುಕಾಗಿ ತಿರುಗುವ ಕಾರೇ ಅಪಾಯದಿಂದ ಪಾರಾಗುವ ಕಾರು ಎಂದು ನಂಬಿದ್ದ ಮನೆತನದ ಹೆಸರು ಹೊತ್ತ ವಾಹನ, ರೇಡಿಯೊ ತಿರುಗಿಸಲು ಚಾಲಕನ ಕಣ್ಣನ್ನು ರಸ್ತೆಯಿಂದ ಕಿತ್ತು ತನ್ನ ಕಡೆಗೆ ಎಳೆದುಕೊಂಡಿತು. ನಮ್ಮಲ್ಲಿ 2019ರಲ್ಲಿ ಇದೇ ಬಿಲ್ಲೆ ಹೆಕ್ಟರ್ ಮೇಲೆ ಬಂದಾಗ ಮೈಮೇಲೆ 'ಇಂಟರ್ನೆಟ್ ಇನ್‌ಸೈಡ್' ಎಂದು ಬರೆದುಕೊಂಡೇ ಬಂತು. ಒಳಗೆ ಚಾಲಕನಿದ್ದಾನೆ ಎಂದು ಬರೆಯಲು ಯಾರಿಗೂ ತೋಚಲಿಲ್ಲ. ಕೊನೆಗೆ ಯೂರೋಪಿನ ಸುರಕ್ಷತಾ ಪರೀಕ್ಷಾ ಸಂಸ್ಥೆ ಯೂರೋ ಎನ್‌ಕ್ಯಾಪ್, ಇಂಡಿಕೇಟರು, ವೈಪರು, ಹಾರ್ನಿನಂಥ ಮುಖ್ಯ ಕೆಲಸಗಳಿಗೆ ಕೈಗೆ ಸಿಗುವ ಗುಂಡಿಗಳಿದ್ದರೆ ಮಾತ್ರ ಪೂರ್ಣ ಅಂಕ ಎಂಬ ನಿಯಮವನ್ನು 2026ರಿಂದ ತರಬೇಕಾಯಿತು. ಹಾರ್ನಿಗೂ ಗುಂಡಿ ಬೇಕೆಂದು ನಿಯಮ ಬರೆಯಬೇಕಾದ ಸ್ಥಿತಿಗೆ ಕಾರು ತಲುಪಿದೆ ಎಂದರೆ, ದಾರಿ ತಪ್ಪಿದ್ದು ಎಷ್ಟು ದೂರ ಎಂದು ಬೇರೆ ಹೇಳಬೇಕೆ?

ನಾಲ್ಕನೆಯ ಆರೋಪ ಎಲ್ಲಕ್ಕಿಂತ ಗಂಭೀರವಾದದ್ದು, ಏಕೆಂದರೆ ಇಲ್ಲಿ ತಪ್ಪಿತಸ್ಥರು ತಾವಾಗಿಯೇ ತಪ್ಪೊಪ್ಪಿಕೊಂಡಿದ್ದಾರೆ. ಹಳೆಯ ಕಾರಿನ ಸುಖ ಬರೀ ಭ್ರಮೆಯಾಗಿದ್ದರೆ ಅದರ ನಕಲನ್ನು ಇವರು ಏಕೆ ಮಾರುತ್ತಿದ್ದಾರೆ? 2011ರಲ್ಲಿ ಬಂದ ಬಿಎಂಡಬ್ಲ್ಯು ಎಂ5 ತನ್ನ ಎಂಜಿನ್ನಿನ ಸದ್ದನ್ನು ಕಾರಿನೊಳಗಿನ ಸ್ಪೀಕರುಗಳಿಂದ ಕೇಳಿಸುತ್ತಿತ್ತು. ಒಳಗೆ ಸದ್ದು ಬರದಂತೆ ಮೊದಲು ಬಿಗಿಯಾಗಿ ಮುಚ್ಚಿ, ಆಮೇಲೆ ಸ್ಪೀಕರು ಹಚ್ಚಿ ಅದೇ ಸದ್ದು ತಂದರು. ಹ್ಯುಂಡೈ ಕಂಪನಿಯ ಅಯಾನಿಕ್ 5 ಎನ್ ಇನ್ನೂ ಒಂದು ಹೆಜ್ಜೆ ಮುಂದೆ. ಅದು ವಿದ್ಯುತ್ ಕಾರು. ಬದಲಿಸಲು ಗೇರುಗಳೇ ಇಲ್ಲ. ಆದರೂ ಎಂಟು ಗೇರುಗಳಿರುವಂತೆ ನಟಿಸುತ್ತದೆ, ಗೇರು ಬದಲಿಸಿದಾಗ ಆಗುವ ಎಳೆತವನ್ನು ಮೋಟಾರಿನ ಬಲ ತಗ್ಗಿಸಿ ಹುಟ್ಟಿಸುತ್ತದೆ, ಇಲ್ಲದ ಎಂಜಿನ್ನಿನ ಗರ್ಜನೆಯನ್ನು ಕೇಳಿಸುತ್ತದೆ. ತಾಂತ್ರಿಕವಾಗಿ ಅದ್ಭುತ ಕೆಲಸ, ಒಪ್ಪುತ್ತೇನೆ. ಆದರೆ ಹೂದೋಟ ಕಡಿದು ಅದೇ ಜಾಗದಲ್ಲಿ ಪ್ಲಾಸ್ಟಿಕ್ ಮಲ್ಲಿಗೆ ನೆಟ್ಟು ಮೇಲೆ ಅತ್ತರು ಸಿಂಪಡಿಸುವವರನ್ನು ತೋಟಗಾರರೆಂದು ಹೊಗಳಬೇಕೇ? ಪೋರ್ಶೆಯ ಕಥೆಯೂ ಇದೇ ಸಾಕ್ಷಿ ನುಡಿಯುತ್ತದೆ. 2013ರಲ್ಲಿ ಬಂದ 911 ಜಿಟಿ3 ಕಾರಿಗೆ ಕೈಯಲ್ಲಿ ಹಾಕುವ ಗೇರೇ ಇರಲಿಲ್ಲ. ಸ್ವಯಂಚಾಲಿತ ಗೇರು ಹೆಚ್ಚು ವೇಗದ್ದು, ಆದ್ದರಿಂದ ಅದೇ ಸಾಕು ಎಂಬುದು ತರ್ಕ. 2016ರಲ್ಲಿ ಕೈಗೇರು ಮಾತ್ರ ಇದ್ದ 911 ಆರ್ ಎಂಬ ಕಾರನ್ನು 991ರ ಸಂಖ್ಯೆಗೆ ಸೀಮಿತ ಮಾಡಿ ಬಿಟ್ಟಾಗ ಕೊಳ್ಳುವವರು ಮುಗಿಬಿದ್ದರು, ಮರುಮಾರಾಟದ ಬೆಲೆ ಎಲ್ಲಿಗೋ ಏರಿತು. ಮರುವರ್ಷ ಜಿಟಿ3ಕ್ಕೆ ಕೈಗೇರು ಮರಳಿ ಬಂತು. ನಿಧಾನದ ಗೇರಿಗೆ ಜನ ಹೆಚ್ಚು ಹಣ ಕೊಟ್ಟರು! ವೇಗವೇ ಸುಖ ಎಂಬ ಸಿದ್ಧಾಂತ ಅಲ್ಲೇ, ಮಾರುಕಟ್ಟೆಯ ಕಟಕಟೆಯಲ್ಲೇ, ಸೋತಿತು.

ಐದನೆಯದು ಕೌಶಲದ ಕಳ್ಳತನ. ಲೇನ್ ತಪ್ಪಿದರೆ ಕಾರೇ ಸ್ಟಿಯರಿಂಗ್ ಎಳೆಯುತ್ತದೆ, ಮುಂದಿನ ವಾಹನ ನಿಂತರೆ ತಾನೇ ನಿಲ್ಲುತ್ತದೆ, ವೇಗಮಿತಿ ದಾಟಿದರೆ ಕುಯ್‌ಗುಡುತ್ತದೆ. ಇವುಗಳಲ್ಲಿ ಒಂದೊಂದನ್ನೂ ಸಮರ್ಥಿಸಬಹುದು; ಆದರೆ ಒಟ್ಟು ಮೊತ್ತ ಏನು? ಬ್ರಿಟಿಷ್ ಮನೋವಿಜ್ಞಾನಿ ಲಿಸಾನ್ ಬೈನ್‌ಬ್ರಿಜ್ 1983ರಲ್ಲೇ ಯಾಂತ್ರೀಕರಣದ ವ್ಯಂಗ್ಯಗಳ ಬಗ್ಗೆ ಬರೆದ ಪ್ರಬಂಧ ಇದಕ್ಕೆ ಉತ್ತರ ಕೊಟ್ಟಿದೆ. ಯಂತ್ರ ಸುಲಭದ ಕೆಲಸವನ್ನು ತಾನಿಟ್ಟುಕೊಂಡು ಕಷ್ಟದ್ದನ್ನು ಮನುಷ್ಯನಿಗೆ ಬಿಡುತ್ತದೆ. ಸುಲಭದ ಕೆಲಸವನ್ನು ದಿನಾ ಮಾಡದೆ ಕೈ ತುಕ್ಕು ಹಿಡಿದ ಮನುಷ್ಯ, ಯಂತ್ರ ಕೈಬಿಟ್ಟ ಆ ಒಂದು ಗಳಿಗೆಯಲ್ಲಿ ಅತಿ ಕಷ್ಟದ ಕೆಲಸ ಮಾಡಬೇಕಾಗುತ್ತದೆ. 2009ರಲ್ಲಿ 228 ಜನರೊಂದಿಗೆ ಅಟ್ಲಾಂಟಿಕ್ ಸಾಗರಕ್ಕೆ ಬಿದ್ದ ಏರ್ ಫ್ರಾನ್ಸ್ 447 ವಿಮಾನದಲ್ಲಿ ನಡೆದದ್ದೂ ಇದೇ: ವೇಗ ಅಳೆಯುವ ನಳಿಗೆಗಳಲ್ಲಿ ಮಂಜು ಕಟ್ಟಿತು, ಸ್ವಯಂಚಾಲನೆ ಕಳಚಿಕೊಂಡಿತು, ಹಾರಿಸುವ ಹೊಣೆ ದಿಢೀರನೆ ಪೈಲಟ್‌ಗಳ ಕೈಗೆ ಬಂತು, ಸುಸ್ಥಿತಿಯಲ್ಲಿದ್ದ ವಿಮಾನವನ್ನು ಅವರು ಆಗಸದಲ್ಲಿ ಹಿಡಿದಿಡಲಾಗಲಿಲ್ಲ. ಅವರಾದರೋ ವರ್ಷಗಟ್ಟಲೆ ತರಬೇತಿ ಪಡೆದವರು. ಆರ್‌ಟಿಒ ಮೈದಾನದಲ್ಲಿ ಎಂಟು ಬರೆದು ಲೈಸೆನ್ಸ್ ತೆಗೆದುಕೊಂಡು, ಮೊದಲ ದಿನದಿಂದ ಕಾರಿನ ಕಂಪ್ಯೂಟರಿನ ಕೈಹಿಡಿದು ಬೆಳೆದ ಚಾಲಕ ಮಳೆಗಾಲದ ಘಾಟಿಯಲ್ಲಿ ಏನು ಮಾಡಬೇಕು? ಹಳೆಯ ಸ್ಪೋರ್ಟ್ಸ್ ಕಾರು ಪ್ರತಿ ತಿರುವಿನಲ್ಲೂ ಪಾಠ ಹೇಳುತ್ತಿದ್ದ ಮೇಷ್ಟ್ರು. ಹೊಸ ಕಾರು ಉತ್ತರಪತ್ರಿಕೆಯನ್ನು ತಾನೇ ಬರೆದುಕೊಟ್ಟು ವಿದ್ಯಾರ್ಥಿಗೆ ನೂರಕ್ಕೆ ನೂರು ಹಾಕುವ ಟ್ಯೂಷನ್ ಮಾಲೀಕ.

ಇಲ್ಲಿ ಎದುರಾಳಿಗಳು ತಮ್ಮ ಬ್ರಹ್ಮಾಸ್ತ್ರ ತೆಗೆಯುತ್ತಾರೆ: ಜೀವರಕ್ಷಣೆ. ಹಳೆಯ ಕಾರಿನಲ್ಲಿ ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ, ಡಿಕ್ಕಿ ಹೊಡೆದರೆ ಉಳಿಗಾಲವಿಲ್ಲ. ಸುಖಕ್ಕಾಗಿ ಸಾಯಬೇಕೇ ಎಂದು ಕೇಳುತ್ತಾರೆ. ಏರ್‌ಬ್ಯಾಗನ್ನು ಕಿತ್ತೆಸೆಯಿರಿ ಎಂದು ಯಾರೂ ಹೇಳಿಲ್ಲ. ಸುಖವನ್ನು ಕೊಂದದ್ದು ಏರ್‌ಬ್ಯಾಗೂ ಅಲ್ಲ, ಎಬಿಎಸ್ಸೂ ಅಲ್ಲ; ಕೊಂದದ್ದು ಅವುಗಳ ಹೆಸರಿನಲ್ಲಿ ಒಳಗೆ ನುಸುಳಿದ ಬೊಜ್ಜು ಮತ್ತು ಆಡಂಬರ. ಇದಕ್ಕೆ ಪುರಾವೆ ಹಿರೋಶಿಮಾದಲ್ಲಿದೆ. ಬ್ರಿಟಿಷರು ಕೈಬಿಟ್ಟ ಪುಟ್ಟ ರೋಡ್‌ಸ್ಟರಿನ ಕಲ್ಪನೆಯನ್ನು ಎತ್ತಿಕೊಂಡು ಮಾಜ್ದಾ ಕಂಪನಿ 1989ರಲ್ಲಿ ಎಂಎಕ್ಸ್-5 ಎಂಬ ಕಾರನ್ನು ತಂದಿತು. ತೂಕ ಒಂದು ಟನ್ನಿಗೂ ಕಡಿಮೆ, ಶಕ್ತಿ ನೂರಹದಿನೈದರ ಆಸುಪಾಸು. ಸವಾರನೂ ಕುದುರೆಯೂ ಒಂದೇ ಆಗಬೇಕೆಂಬ ಜಪಾನೀ ಮಾತನ್ನು ಅದರ ವಿನ್ಯಾಸದ ಸೂತ್ರ ಮಾಡಿಕೊಂಡರು. 2015ರಲ್ಲಿ ಬಂದ ಅದರ ನಾಲ್ಕನೆಯ ತಲೆಮಾರಿಗೆ ಏರ್‌ಬ್ಯಾಗುಗಳಿವೆ, ಎಬಿಎಸ್ ಇದೆ, ಜಾರಿದರೆ ಹಿಡಿಯುವ ವ್ಯವಸ್ಥೆಯಿದೆ, ಯೂರೋ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಐದಕ್ಕೆ ನಾಲ್ಕು ನಕ್ಷತ್ರವೂ ಸಿಕ್ಕಿದೆ. ತೂಕ ಮಾತ್ರ ಇಪ್ಪತ್ತಾರು ವರ್ಷಗಳ ನಂತರವೂ ಸುಮಾರು ಒಂದೇ ಟನ್. 2016ರ ಹೊತ್ತಿಗೆ ಹತ್ತು ಲಕ್ಷ ಎಂಎಕ್ಸ್-5ಗಳು ತಯಾರಾಗಿದ್ದವು. ಆಗದು ಎಂದವರ ಕಣ್ಣೆದುರೇ ಆಗಿತ್ತು. ಇನ್ನು ಜೀವರಕ್ಷಣೆಯ ಮಾತೆತ್ತುವವರಿಗೆ ಮರುಪ್ರಶ್ನೆ: ಯಾರ ಜೀವ? ಎರಡು ಟನ್ನಿನ ಕಾರು ಒಳಗಿರುವವನನ್ನು ಹತ್ತಿಯಲ್ಲಿ ಸುತ್ತಿಡಬಹುದು. ರಸ್ತೆ ದಾಟುವ ಅಜ್ಜಿಗೂ, ಸ್ಕೂಟಿಯಲ್ಲಿ ಹೋಗುವ ಹುಡುಗಿಗೂ ಅದೇ ವೇಗದಲ್ಲಿ ಅದು ಹೊತ್ತು ತರುವ ಶಕ್ತಿ ಒಂದು ಟನ್ನಿನ ಕಾರಿಗಿಂತ ಎರಡರಷ್ಟು. ಭೌತಶಾಸ್ತ್ರದ ಈ ಲೆಕ್ಕ ಹೈಸ್ಕೂಲಿನ ಪುಸ್ತಕದಲ್ಲಿದೆ, ಜಾಹೀರಾತಿನಲ್ಲಿ ಮಾತ್ರ ಇಲ್ಲ.

ಹಳೆಯ ಬ್ರಿಟಿಷ್ ಕಾರು ಓಡಿದ್ದಕ್ಕಿಂತ ನಿಂತದ್ದೇ ಹೆಚ್ಚು ಎಂಬುದು ಎರಡನೆಯ ಆಕ್ಷೇಪ. ಎಣ್ಣೆ ಸೋರುತ್ತಿತ್ತು, ಮಳೆ ಬಂದರೆ ವೈರಿಂಗ್ ಕೈಕೊಡುತ್ತಿತ್ತು, ಅವಳಿ ಕಾರ್ಬೊರೇಟರುಗಳ ಹೊಂದಾಣಿಕೆ ಪದೇ ಪದೇ ತಪ್ಪುತ್ತಿತ್ತು. ನಿಜ. ಆದರೆ ಎಣ್ಣೆ ಸೋರುವುದು ಸುಖದ ಮೂಲವಾಗಿತ್ತೇ? ಸೋರದೆಯೂ ಅದೇ ಸುಖ ಕೊಡಬಹುದೆಂದು ಎಂಎಕ್ಸ್-5 ತೋರಿಸಿಕೊಟ್ಟ ಮೇಲೆ ಈ ವಾದಕ್ಕೆ ಉಸಿರಿಲ್ಲ. ಜೊತೆಗೆ, ಕೆಟ್ಟು ನಿಲ್ಲುವುದಕ್ಕೂ ಕೆಟ್ಟ ಮೇಲೆ ರಿಪೇರಿಯಾಗುವುದಕ್ಕೂ ಸಂಬಂಧವಿದೆ. ಎಂಜಿಬಿಯ ಬಾನೆಟ್ ಎತ್ತಿದರೆ ನೆಲ ಕಾಣುತ್ತದೆ. ಸ್ಪ್ಯಾನರು ಹಿಡಿಯಬಲ್ಲ ಯಾವ ಮೆಕ್ಯಾನಿಕ್ಕೂ ಕೈಹಾಕಬಹುದು. ಆಬಿಂಗ್‌ಡನ್ ಕಾರ್ಖಾನೆ 1980ರಲ್ಲಿ ಮುಚ್ಚಿತು. ಆದರೂ 1988ರಿಂದ ಬ್ರಿಟಿಷ್ ಮೋಟಾರ್ ಹೆರಿಟೇಜ್ ಎಂಬ ಸಂಸ್ಥೆ ಈ ಕಾರಿನ ಇಡೀ ಮೈಯನ್ನೇ ಹೊಸದಾಗಿ ಒತ್ತಿ ಮಾರುತ್ತಿದೆ. ಈಗಿನ ಪರದೆ ಕಾರುಗಳಿಗೆ ನಲವತ್ತು ವರ್ಷದ ನಂತರ ಅದೇ ಪರದೆ, ಅದೇ ಸಾಫ್ಟ್‌ವೇರ್ ಸಿಗುತ್ತದೆ ಎಂದು ಬರೆದುಕೊಡುವ ಒಬ್ಬ ತಯಾರಕನನ್ನು ತೋರಿಸಿ. ಬರೆದುಕೊಡುವ ಮಾತಿರಲಿ, ಕೊಂಡ ಕಾರೂ ಪೂರ್ತಿ ನಿಮ್ಮದಾಗುತ್ತಿಲ್ಲ: 2022ರಲ್ಲಿ ಬಿಎಂಡಬ್ಲ್ಯು ಕಂಪನಿ ಕೆಲವು ದೇಶಗಳಲ್ಲಿ, ಕಾರಿನಲ್ಲಿ ಆಗಲೇ ಕೂತಿದ್ದ ಸೀಟಿನ ಹೀಟರನ್ನು ಬಳಸಲು ತಿಂಗಳ ಚಂದಾ ಕೇಳಿತು. ಜನ ಉಗಿದ ಮೇಲೆ, ಮರುವರ್ಷ ಕೈಬಿಟ್ಟಿತು. ಮನೆ ಕೊಂಡವನಿಂದ ಒಲೆ ಹಚ್ಚಲು ಬಾಡಿಗೆ ಕೇಳುವ ಈ ವ್ಯಾಪಾರಬುದ್ಧಿಗೆ ಹಾದಿ ಮಾಡಿಕೊಟ್ಟದ್ದು ಯಾವುದು? ಹೊಸದೆಲ್ಲ ಮೇಲು ಎಂಬ ನಮ್ಮ ಭಕ್ತಿಯೇ.

ಮೂರನೆಯ ಆಕ್ಷೇಪ ನಮ್ಮಲ್ಲಿ ಹೆಚ್ಚು ಕೇಳಿಬರುತ್ತದೆ: ಇದೆಲ್ಲ ದುಡ್ಡಿದ್ದವರ ಚಟ, ರಾಜಮಹಾರಾಜರ ಗ್ಯಾರೇಜಿನ ಕಥೆ. ಇತಿಹಾಸ ಹೇಳುವುದು ಬೇರೆ. ಎಂಜಿಬಿಯ ಎಂಜಿನ್ ಯಾವುದು ಗೊತ್ತೇ? ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಬಿ-ಸೀರೀಸ್. ಅದೇ ವಂಶದ 1,489 ಸಿಸಿ ಎಂಜಿನ್ನನ್ನೇ ನಮ್ಮ ಅಂಬಾಸಡರ್ ದಶಕಗಟ್ಟಲೆ ಹೊತ್ತು ತಿರುಗಿತು. ಎಂಜಿಬಿಯದು ಅದರ 1,798 ಸಿಸಿಯ ಅಣ್ಣ. ವಿಧಾನಸೌಧದ ಮುಂದೆ ಸಾಲುಗಟ್ಟಿ ನಿಲ್ಲುತ್ತಿದ್ದ ಬಿಳಿ ಕಾರಿನ ಬಾನೆಟ್ಟಿನೊಳಗೂ ಇಂಗ್ಲೆಂಡಿನ ಹಳ್ಳಿರಸ್ತೆಯಲ್ಲಿ ಮಾಡು ಮಡಚಿ ಹೋಗುತ್ತಿದ್ದ ಕಾರಿನ ಬಾನೆಟ್ಟಿನೊಳಗೂ ಒಂದೇ ರಕ್ತ. ಎಂಜಿ ಎಂಬ ಹೆಸರೇ ಆಕ್ಸ್‌ಫರ್ಡಿನ ಮಾರಿಸ್ ಗ್ಯಾರೇಜಸ್ ಎಂಬ ಕಾರು ಮಾರುವ ಅಂಗಡಿಯಿಂದ ಬಂದದ್ದು. ಸಾಧಾರಣ ಮನೆಬಳಕೆಯ ಕಾರಿನ ಬಿಡಿಭಾಗಗಳನ್ನೇ ಹಗುರವಾದ ಮೈಯಲ್ಲಿ ಜಾಣತನದಿಂದ ಜೋಡಿಸಿ, ಸಂಬಳದವನೂ ಕನಸು ಕಾಣಬಹುದಾದ ಬೆಲೆಗೆ ಕೊಟ್ಟದ್ದು ಅದರ ಸಾಧನೆ. ಐದು ಲಕ್ಷಕ್ಕೂ ಹೆಚ್ಚು ಎಂಜಿಬಿಗಳು ಮಾರಾಟವಾದದ್ದು ರಾಜರಿಗಲ್ಲ. ಹಳೆಯ ಕಾರನ್ನು ದುಡ್ಡಿದ್ದವರ ಸ್ವತ್ತಾಗಿಸಿದವರು ಬೇರೆಯೇ ಇದ್ದಾರೆ, ಅವರನ್ನೂ ಬಿಡಬಾರದು. 2022ರಲ್ಲಿ ಸ್ಟುಟ್‌ಗಾರ್ಟಿನ ಮರ್ಸಿಡಿಸ್ ಮ್ಯೂಸಿಯಮ್ಮಿನಲ್ಲಿ 1955ರ ಒಂದು 300 ಎಸ್‌ಎಲ್‌ಆರ್ ಕೂಪೆ 13.5 ಕೋಟಿ ಯೂರೋಗೆ ಹರಾಜಾಯಿತು. ಕಾರನ್ನು ಷೇರುಪತ್ರದಂತೆ ಕೊಂಡು, ಎಸಿ ಕೋಣೆಯಲ್ಲಿ ಬೀಗ ಹಾಕಿ, ಒಂದು ಕಿಲೋಮೀಟರ್ ಓಡಿದರೂ ಬೆಲೆ ಇಳಿಯುತ್ತದೆಂದು ನಡುಗುವ ಸಂಗ್ರಾಹಕನಿಗೂ 0–100 ಅಂಕಿ ಪಠಿಸುವ ವಿಮರ್ಶಕನಿಗೂ ಮೂಲದಲ್ಲಿ ಭೇದವಿಲ್ಲ. ಒಬ್ಬನಿಗೆ ಕಾರು ಎಂದರೆ ಬೆಲೆ, ಇನ್ನೊಬ್ಬನಿಗೆ ವೇಗ. ಓಡಿಸುವುದು ಇಬ್ಬರಿಗೂ ಬೇಕಿಲ್ಲ.

ಕೊನೆಯದಾಗಿ ಹೊಗೆಯ ಮಾತು. ಕಾರ್ಬೊರೇಟರ್ ಕಾರು ಗಾಳಿ ಕೆಡಿಸುತ್ತದೆ, ವಿದ್ಯುತ್ ಕಾರು ಬಂದ ಮೇಲೂ ಈ ಹಟ ಏಕೆ ಎನ್ನುವವರಿದ್ದಾರೆ. ಎಲ್ಲರೂ 1962ರ ಕಾರಿನಲ್ಲಿ ಆಫೀಸಿಗೆ ಹೋಗಲಿ ಎಂಬುದು ಈ ವಾದವಲ್ಲ. ಭಾನುವಾರ ಬೆಳಿಗ್ಗೆ ಹೊರಬರುವ ಬೆರಳೆಣಿಕೆಯ ಹಳೆಯ ಕಾರುಗಳಿಂದ ನಗರದ ಗಾಳಿ ಕೆಟ್ಟಿಲ್ಲ. ವಿದ್ಯುತ್ತಿನ ಮೇಲೂ ಜಗಳವಿಲ್ಲ. 2008ರಲ್ಲಿ ಬಂದ ಮೊದಲ ಟೆಸ್ಲಾ ಎರಡು ಸೀಟಿನ ಪುಟ್ಟ ಕಾರು. ಲೋಟಸ್ ಎಲೀಸ್‌ನ ಬುನಾದಿಯ ಮೇಲೆ ಕಟ್ಟಿದ್ದು, ತೂಕ 1,300 ಕಿಲೋ ಆಸುಪಾಸು. ಅದಕ್ಕೂ ಮೊದಲೇ ಬೆಂಗಳೂರಿನಲ್ಲಿ ತಯಾರಾದ ರೇವಾ ಮುಕ್ಕಾಲು ಟನ್ ಕೂಡ ತೂಗುತ್ತಿರಲಿಲ್ಲ. ಅದು ಸ್ಪೋರ್ಟ್ಸ್ ಕಾರಲ್ಲ, ಆದರೆ ವಿದ್ಯುತ್ ಎಂದರೆ ಭಾರ ಎಂಬುದು ವಿಧಿಲಿಖಿತವಲ್ಲ ಎಂಬುದಕ್ಕೆ ಸಾಕ್ಷಿ. ಅಲ್ಲಿಂದ ಎರಡು ಟನ್ನಿಗೆ ಏರಿದ್ದು ಆಯ್ಕೆ. ದೊಡ್ಡ ಬ್ಯಾಟರಿ, ಅದನ್ನು ಹೊರಲು ದೊಡ್ಡ ಚೌಕಟ್ಟು, ಅದನ್ನು ಓಡಿಸಲು ಮತ್ತೂ ದೊಡ್ಡ ಬ್ಯಾಟರಿ ಎಂಬ ಈ ಸುತ್ತನ್ನು ಹಸಿರು ಎಂದು ಕರೆಯುವುದು ಹಸಿರಿಗೆ ಅವಮಾನ. ಹಗುರ ಕಾರಿಗೆ ಲೋಹ ಕಡಿಮೆ ಸಾಕು, ಇಂಧನ ಕಡಿಮೆ ಸಾಕು, ಟೈರೂ ಕಡಿಮೆ ಸವೆಯುತ್ತದೆ. ಪರಿಸರಕ್ಕೆ ಬೇಕಾದದ್ದೂ ಚಾಲಕನಿಗೆ ಬೇಕಾದದ್ದೂ ಇಲ್ಲಿ ಒಂದೇ. ಎರಡನ್ನೂ ತಪ್ಪಿಸಿದವರು ಒಂದರ ಹೆಸರು ಹೇಳಿ ಇನ್ನೊಂದನ್ನು ಬೈಯುತ್ತಿದ್ದಾರೆ.

ಹಾಗಾದರೆ ಆಗಬೇಕಾದದ್ದು ಏನು? ಸರ್ಕಾರದಿಂದಲೇ ಶುರುಮಾಡೋಣ. ಕೇಂದ್ರ ಸಾರಿಗೆ ಸಚಿವಾಲಯ 2021ರಲ್ಲಿ ಐವತ್ತು ವರ್ಷ ಮೀರಿದ ವಾಹನಗಳಿಗೆ 'ವಿಎ' ಎಂಬ ಪ್ರತ್ಯೇಕ ನೋಂದಣಿ ತಂದಿತು. ಮೇಳ, ಪ್ರದರ್ಶನ, ಪೆಟ್ರೋಲು, ರಿಪೇರಿ ಇಂಥವಕ್ಕೆ ಬಿಟ್ಟರೆ ಅವು ನಿತ್ಯ ರಸ್ತೆಗೆ ಇಳಿಯುವಂತಿಲ್ಲ. ಬ್ರಿಟನ್ನಿನಲ್ಲಿ ನಲವತ್ತು ವರ್ಷ ದಾಟಿದ ಕಾರಿಗೆ ರಸ್ತೆ ತೆರಿಗೆಯ ವಿನಾಯಿತಿಯಿದೆ, ಓಡಿಸಲು ಅಡ್ಡಿಯಿಲ್ಲ. ಕಾರನ್ನು ಉಳಿಸುವುದೆಂದರೆ ಗಾಜಿನ ಪೆಟ್ಟಿಗೆಯಲ್ಲಿ ಇಡುವುದೆಂದು ತಿಳಿದ ನಿಯಮ ಬದಲಾಗಲಿ. ತಪಾಸಣೆ ಕಡ್ಡಾಯ ಮಾಡಿ, ಬ್ರೇಕು ಟೈರು ನೋಡಿ, ಆಮೇಲೆ ಓಡಲು ಬಿಡಲಿ. ಸಂಗ್ರಾಹಕರು ಬೀಗ ತೆಗೆಯಲಿ. ವಿಮರ್ಶಕರು 0–100ರ ಗಡಿಯಾರವನ್ನು ಒಂದು ವರ್ಷ ಮೇಜಿನ ಡ್ರಾಯರಿನಲ್ಲಿಟ್ಟು, ಪ್ರತಿ ಕಾರಿನ ತೂಕವನ್ನು ಶೀರ್ಷಿಕೆಯಲ್ಲೇ ಬರೆಯಲಿ, ಅರವತ್ತರ ವೇಗದಲ್ಲಿ ಆ ಕಾರು ಚಾಲಕನಿಗೆ ಏನು ಹೇಳುತ್ತದೆಂದು ಬರೆಯಲಿ. ತಯಾರಕರು ಹಳೆಯ ಬಿಲ್ಲೆಯನ್ನು ಅಂಟಿಸುವ ಮುನ್ನ ಆ ಬಿಲ್ಲೆ ಹೊತ್ತಿದ್ದ ಕಾರಿನ ತೂಕ ನೋಡಿಕೊಳ್ಳಲಿ. ಇವರೆಲ್ಲರನ್ನೂ ಬದಲಿಸುವ ಶಕ್ತಿ ಇರುವುದು ಮಾತ್ರ ಕೊಳ್ಳುವವರ ಕೈಯಲ್ಲಿ. ಜಿಟಿ3ಕ್ಕೆ ಗೇರು ಮರಳಿದ್ದೂ, ಸೀಟಿನ ಚಂದಾ ನಿಂತದ್ದೂ ಅವರಿಂದಲೇ. ಮುಂದಿನ ಸಲ ಟೆಸ್ಟ್ ಡ್ರೈವಿಗೆ ಹೋದಾಗ ಶೋರೂಮಿನವರು ಪರದೆ ತೋರಿಸಲು ಬಂದರೆ ಅದನ್ನು ಆರಿಸಲು ಹೇಳಿ. ಸ್ಪೀಕರಿನ ಗರ್ಜನೆ ನಿಲ್ಲಿಸಲು ಹೇಳಿ. ಒಂದು ಒಳ್ಳೆಯ ತಿರುವು ಹುಡುಕಿ, ಐವತ್ತು ಅರವತ್ತರ ವೇಗದಲ್ಲಿ ದಾಟಿ, ಆಮೇಲೆ ನಿಮ್ಮ ಎರಡು ಅಂಗೈಗಳನ್ನು ಕೇಳಿ: ರಸ್ತೆ ಒದ್ದೆಯಿತ್ತೋ ಒಣಗಿತ್ತೋ? ಅವಕ್ಕೆ ಗೊತ್ತಿಲ್ಲದಿದ್ದರೆ ಕೀಲಿಯನ್ನು ಮೇಜಿನ ಮೇಲಿಟ್ಟು ಎದ್ದು ಬನ್ನಿ.